ಅಡಿಗೆಮನೆಯವರೆಗೆ ಬಂದ ವಾಯರು

ಶನಿವಾರ ಬೆಳಿಗ್ಗೆ ನಿಮ್ಮಮ್ಮ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಗುಡ್ಡದ ಆಚೆಯ ಹಣ್ಣಿನ ತೋಟಗಳ ಕಡೆ ಹೋಗುತ್ತಾಳಲ್ಲ, ಫ್ರೀವೇ ಬಿಟ್ಟು ಸಣ್ಣ ರಸ್ತೆಗೆ ಇಳಿದೊಡನೆ ಸಾಂಟಾ ಕ್ಲಾರಾದಲ್ಲಿ ಕೇಳಿಸುವ ರೇಡಿಯೊ ಸ್ಟೇಷನ್ನುಗಳು ಒಂದೊಂದಾಗಿ ಗರಗರ ಎಂದು ನಿಂತುಹೋಗುತ್ತವೆ. ಕೊನೆಗೆ ಒಂದೇ ಒಂದು ಉಳಿಯುತ್ತದೆ. ಅದರಲ್ಲಿ ಗಿಟಾರು ಹಿಡಿದು ಕುದುರೆಯ ಬಗ್ಗೆ, ಹೊಲದ ಬಗ್ಗೆ, ಬಿಟ್ಟುಹೋದ ಹೆಂಡತಿಯ ಬಗ್ಗೆ ಹಾಡುತ್ತಾರೆ. ಹಾಡಿನ ನಡುವೆ ಒಬ್ಬ ಮುದುಕ ಮಾತಾಡುತ್ತಾನೆ. ಯಾರದೋ ಕರು ಬೇಲಿ ಹಾರಿದೆ, ಯಾರದೋ ಕೊಟ್ಟಿಗೆಯಲ್ಲಿ ಒಣಹುಲ್ಲು ಮಾರಾಟಕ್ಕಿದೆ ಎಂದು ಹೇಳುತ್ತಾನೆ. ಅವನ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ನಿಮ್ಮಮ್ಮ ಹೇಳುತ್ತಾಳೆ. ಹೋದ ತಿಂಗಳು ಅವನು ಆ ಸ್ಟೇಷನ್ನು ಹುಟ್ಟಿದ ಕಥೆ ಹೇಳಿದ. ಅವನ ಅಪ್ಪ, ಇಬ್ಬನಿ ಹೆಪ್ಪುಗಟ್ಟುವ ದಿನ ಅಕ್ಕಪಕ್ಕದ ತೋಟದವರಿಗೆ ತಿಳಿಸಲೆಂದು ಹುಲ್ಲಿನ ಕೊಟ್ಟಿಗೆಯ ಮೇಲೆ ಒಂದು ರೇಡಿಯೊ ಕಂಬ ನಿಲ್ಲಿಸಿದನಂತೆ. ದಿನಾ ಏನು ಹೇಳುವುದು? ಮಾತು ಮುಗಿದಾಗ ಹೆಂಡತಿಯ ಬಳಿಯಿದ್ದ ಹಾಡಿನ ತಟ್ಟೆಗಳನ್ನು ಹಾಕಿದನಂತೆ. ಜನ ಚಳಿಯ ಸುದ್ದಿ ಮರೆತು ಹಾಡು ಕೇಳಿದರಂತೆ.

"ಅಜ್ಜಿ, ಇಟ್ಸ್ ಸೋ ಸ್ಲೋ. ಚೇಂಜ್ ಮಾಡ್ಲಾ?" ಎಂದ ನಿನ್ನ ತಮ್ಮ ನಿಖಿಲ್.

"ಇರಲಿ ಬಿಡಪ್ಪ. ನಮ್ಮ ಮನೀನೂ ಒಂದ ಕಾಲಕ್ಕ ಇಂಥಾದ್ದ ಸ್ಟೇಷನ್ ಆಗಿತ್ತು" ಎಂದೆ.

ಅನನ್ಯಾ, ನೀನು ಕಿವಿಯಿಂದ ಇಯರ್‌ಫೋನು ಕಿತ್ತು, "ವೇಟ್, ಅಜ್ಜಿಗೆ ರೇಡಿಯೊ ಸ್ಟೇಷನ್ ಇತ್ತಾ?" ಎಂದೆ. ನಿಮ್ಮಮ್ಮನೂ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವಳಿಗೂ ಗೊತ್ತಿರಲಿಲ್ಲ. ನಾನು ನಾಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಮೂರು ಜನ ಒಟ್ಟಿಗೆ ನನ್ನ ಮುಖ ನೋಡಿದರೆ ನನಗೆ ಮಾತು ಬರುವುದಿಲ್ಲ, ಮೊದಲಿಂದಲೂ ಹಾಗೆಯೇ. ಬರೆಯುವಾಗ ಯಾರೂ ನೋಡುವುದಿಲ್ಲ. ಅದಕ್ಕೆ ಈ ನೋಟುಬುಕ್ಕು. ನಾನು ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು, ತಪ್ಪಿದ್ದರೆ ನಿಮ್ಮಮ್ಮ ತಿದ್ದಿ ಓದಿ ಹೇಳುತ್ತಾಳೆ.

ನಮ್ಮ ಮನೆ ಊರಿನ ನಡುವೆ ಇತ್ತು. ಮಣ್ಣಿನ ಮಾಳಿಗೆ, ಮುಂದೆ ಹತ್ತು ಹನ್ನೆರಡು ಜನ ಕೂರುವಷ್ಟು ಉದ್ದದ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಕಾಳಿನ ಕೋಣೆ, ಕಟ್ಟಕಡೆಗೆ ಅಡಿಗೆಮನೆ. ಅಡಿಗೆಮನೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಒಲೆಯ ಹೊಗೆ ಅದರಿಂದ ಹೊರಗೆ ಹೋಗುತ್ತಿತ್ತು, ಬಿಸಿಲು ಅದರಿಂದ ಒಳಗೆ ಬರುತ್ತಿತ್ತು. ಅಪ್ಪ ಪಂಚಾಯಿತಿಯ ಲೆಕ್ಕಪತ್ರ ಬರೆಯುವ ಕಾರಕೂನ. ಊರಿಗೆ ಮೊದಲ ಲೈಟಿನ ಕಂಬ ನಮ್ಮ ಮನೆಯ ಮುಂದೆ ಬಂದಿದ್ದರಿಂದ ಪಂಚಾಯಿತಿಯ ರೇಡಿಯೊ ನಮ್ಮ ಪಡಸಾಲೆಗೆ ಬಂತು. ಅದರಲ್ಲಿ ಎರಡು ಪೆಟ್ಟಿಗೆ. ಮೇಲಿನದು ರೇಡಿಯೊ, ಕೆಳಗಿನದು ಧ್ವನಿಯನ್ನು ದೊಡ್ಡದು ಮಾಡುವ ಯಂತ್ರ. ಅದಕ್ಕೆ ಒಂದು ಮೈಕು, ಮಾಳಿಗೆಯ ಮೇಲೆ ಬಿದಿರಿಗೆ ಕಟ್ಟಿದ ಒಂದು ಲೌಡ್‌ಸ್ಪೀಕರು. ದಿನಾ ಸಂಜೆ ಅಪ್ಪ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ದೇವರ ದೀಪ ಹಚ್ಚಿ, ಆಮೇಲೆ ರೇಡಿಯೊದ ಗುಂಡಿ ತಿರುಗಿಸುತ್ತಿದ್ದ. ಗಂಡಸರು ಕಟ್ಟೆಗೆ ಬಂದು ಕೂರುತ್ತಿದ್ದರು. ಮೊದಲು ರೈತರಿಗೆ ಸಲಹೆ, ಆಮೇಲೆ ಅರ್ಧ ತಾಸು ಹಳ್ಳಿಯ ಹಾಡು. ಸಲಹೆಯ ಹೊತ್ತಿನಲ್ಲಿ ಎಲೆ ಅಡಿಕೆ ಹಂಚಿಕೊಂಡು ಮಾತಾಡುತ್ತಿದ್ದವರು ಹಾಡು ಬಂದೊಡನೆ ಸುಮ್ಮನಾಗುತ್ತಿದ್ದರು.

ಮನೆಯಲ್ಲಿ ನಾವು ನಾಲ್ವರು. ಅಪ್ಪ, ಅವ್ವ, ನಾನು, ಮತ್ತು ಅಪ್ಪನ ತಂಗಿ ಗೌರತ್ತಿ. ಗೌರತ್ತಿ ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು. ಅಡಿಗೆಮನೆ, ಹಿತ್ತಲು, ಬೀಸುವ ಕಲ್ಲು, ಇಷ್ಟೇ ಅವಳ ಊರು. ನಸುಕಿನಲ್ಲಿ ಅವಳು ಜೋಳ ಬೀಸುತ್ತಾ ಹಾಡುವುದು ಕೇಳುತ್ತಲೇ ನನಗೆ ಎಚ್ಚರವಾಗುತ್ತಿತ್ತು. ಊರಿನಲ್ಲಿ ಇದ್ದ ಹಾಡುಗಳೆಲ್ಲ ಅವಳ ಬಳಿ ಇದ್ದವು. ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ದಿನ ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ಸೋಬಾನ ಪದಗಳ ಮರೆತ ಸಾಲುಗಳನ್ನು ಅವಳಿಂದ ಕಲಿತು ಹೋಗುತ್ತಿದ್ದರು. ಮರುದಿನ ಅವರು ಹಂದರದಲ್ಲಿ ಕೂತು ಹಾಡುವಾಗ ಅವಳು ಮದುವೆಮನೆಯ ಹಿಂದಿನ ಕೋಣೆಯಲ್ಲಿ ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ಅರಿಷಿಣದ ಹಾಡಿಗೆ ಗಂಡನಿಲ್ಲದವಳ ಬಾಯಿ ಆಗದು. ಇದನ್ನು ಯಾರೂ ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಅದಕ್ಕೇ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಿಮ್ಮಮ್ಮನ ಗೆಳತಿಯ ಸೀಮಂತ ಆಯಿತಲ್ಲ, ಕೆಳಗೆ ಎಲ್ಲರೂ ಫೋನಿನಲ್ಲಿ ಹಾಡು ಹುಡುಕುತ್ತಿದ್ದಾಗ ನಾನು ಮೇಲಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅನನ್ಯಾ, ನೀನು ಬಂದು, "ಅಜ್ಜಿ, ವೈ ಆರ್ ಯೂ ಹೈಡಿಂಗ್?" ಎಂದು ಕೇಳಿದೆ. ಮೊಣಕಾಲು ನೋವು ಎಂದೆ. ಮೊಣಕಾಲು ನೋಯುತ್ತಿರಲಿಲ್ಲ. ನಿಮ್ಮಜ್ಜ ಹೋದ ಮೇಲೆ ಇಂಥ ದಿನ ನನ್ನ ಕಾಲು ತಾನಾಗಿಯೇ ಮೆಟ್ಟಿಲು ಹತ್ತುತ್ತದೆ, ಯಾರೂ ಹೇಳಬೇಕಾಗಿಲ್ಲ. ಅದನ್ನು ನಿನಗೆ ಸರಿಯಾಗಿ ಹೇಳಬೇಕೆಂದರೆ ಗೌರತ್ತಿಯ ವಿಷಯ ಹೇಳಲೇಬೇಕು.

ನನಗೆ ಆಗ ಒಂಬತ್ತು ವರ್ಷ. ಮಹಾನವಮಿಯ ಆಯುಧ ಪೂಜೆ. ಅಪ್ಪ ಕುಡಗೋಲು, ಕೊಡಲಿ, ಈಳಿಗೆ, ಅಳೆಯುವ ಸೇರು, ತನ್ನ ಮಸಿಯ ಪೆನ್ನು ಎಲ್ಲವನ್ನೂ ಹಿತ್ತಲಲ್ಲಿ ತೊಳೆದು ಸಾಲಾಗಿ ಇಟ್ಟು ಹೂ ತರಲು ಹೋದ. ನಮ್ಮ ಹೊಟ್ಟೆ ತುಂಬಿಸುವ ಯಾವ ಸಾಮಾನನ್ನೂ ಆ ದಿನ ಸ್ನಾನವಿಲ್ಲದೆ ಪೂಜೆಗೆ ಇಡಬಾರದು ಎಂದು ಅವ್ವ ಹೇಳಿಕೊಟ್ಟಿದ್ದಳು. ಪಡಸಾಲೆಯಲ್ಲಿ ರೇಡಿಯೊ ಒಂದೇ ಧೂಳು ಹೊತ್ತು ಕೂತಿತ್ತು. ಪಾಪ, ಅದನ್ನು ಮರೆತಿದ್ದಾರೆ ಎನಿಸಿತು. ಸ್ಟೂಲು ಹತ್ತಿ, ಹಿಂದಿನ ತೂತುಗಳಲ್ಲಿಯೂ ಧೂಳಿದ್ದುದರಿಂದ, ಎರಡು ತಂಬಿಗೆ ಬಿಸಿನೀರು ಅಲ್ಲಿಂದಲೇ ಹೊಯ್ದೆ. ಸೀರೆಯ ತುಂಡಿನಿಂದ ಒರೆಸಿ ವಿಭೂತಿ ಹಚ್ಚಿ, ಚೆಂಡುಹೂ ಇಟ್ಟೆ. ಅಪ್ಪ ಬಂದು ಹೂ ನೋಡಿ, "ನಮ್ಮ ನೀಲಿ ಶಾಣ್ಯಾಕಿ" ಎಂದು ಮೆಚ್ಚಿಕೊಂಡ. ಆ ಸಂಜೆ ಗುಂಡಿ ತಿರುಗಿಸಿದಾಗ ರೇಡಿಯೊ ಒಮ್ಮೆ ಕೆಮ್ಮಿ, ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು.

ಪಂಚಾಯಿತಿಯ ಚೇರ್ಮನ್ನರಿಗೆ ಆ ಪೆಟ್ಟಿಗೆ ತಮ್ಮ ಮನೆಯಲ್ಲಿ ಇರಬೇಕೆಂಬ ಆಸೆ ಮೊದಲಿಂದ ಇತ್ತು. ಅವರು ಕಟ್ಟೆಯ ಮೇಲೆಯೇ ಶುರು ಮಾಡಿದರು.

"ಏನ್ರಿ ಕಾರಕೂನರ, ಪೆಟಗಿ ಸಂಬಾಳಸಾಕ ಆಗೂದಿಲ್ಲಂದ್ರ ಹೇಳ್ರಿ. ನಮ್ಮ ಮನ್ಯಾಗ ಜಾಗಾ ಭಾಳ ಐತಿ."

"ಹುಬ್ಬಳ್ಳಿಗೆ ಕಾಗದ ಬರದೀನ್ರಿ. ರಿಪೇರಿ ಮಾಡಾವ ದೀಪಾವಳಿ ಆದ ಮ್ಯಾಲೆ ಬರ್ತಾನ" ಎಂದ ಅಪ್ಪ.

"ಅಲ್ಲೀತನ ಊರಿನ ಮಂದಿ ಸಂಜೀಕ ಏನ ನಿಮ್ಮ ಮಾರಿ ನೋಡಬೇಕೇನ?"

ಎಲ್ಲರೂ ನಕ್ಕರು. ಅಪ್ಪ ಮಾನ ಹೋದವನಂತೆ, "ಒಂದ ದಿನಾನೂ ಖಾಲಿ ಬಿಡೂದಿಲ್ರಿ" ಎಂದುಬಿಟ್ಟ. ನೀರು ತಾಗದ ಕೆಳಗಿನ ಪೆಟ್ಟಿಗೆ, ಮೈಕು ಚೆನ್ನಾಗಿಯೇ ಇದ್ದವು. ಮರುದಿನ ಅದರಲ್ಲಿ ಹಳೆಯ ಪೇಪರು ಓದಿದ. ಅದರ ಮರುದಿನವೂ ಓದಿದ. ಕಟ್ಟೆಯ ಮೇಲಿದ್ದವರು ಆಕಳಿಸಿ ಎದ್ದು ಹೋದರು. ನಾನು ಕಾಳಿನ ಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಕೂತು ಅಳುತ್ತಿದ್ದೆ. ಗೌರತ್ತಿ ಜೋಳ ತೆಗೆಯಲು ಬಂದವಳು ನನ್ನನ್ನು ಕಂಡಳು.

"ಯಾಕವ್ವಾ, ಇಲಿ ಕಡೀತೇನ?"

"ರೇಡಿಯೊಕ್ಕ ನಾ ಜಳಕಾ ಮಾಡ್ಸಿದೆ ಅತ್ತಿ."

ಅವಳು ಸೇರನ್ನು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಣ್ಣಿ ಹಚ್ಚಿದ್ದೇನ ಮತ್ತ, ಬರೇ ನೀರ ಹಾಕಿದ್ದೇನ?"

"ಅಪ್ಪಗ ಹೇಳತೀಯೇನ?"

"ಹೇಳೂದಿಲ್ಲ. ಕಣ್ಣ ಒರಸ್ಕೊ. ಇದಕ್ಕ ಏನರ ಮಾಡೂಣು."

ಆ ಸಂಜೆ ಅಪ್ಪ ಪೇಪರು ಬಿಡಿಸುತ್ತಿದ್ದಾಗ ಗೌರತ್ತಿ ಅಡಿಗೆಮನೆಯ ಬಾಗಿಲಲ್ಲಿ ಅರ್ಧ ಮರೆಯಾಗಿ ನಿಂತು ಕೇಳಿದಳು.

"ಅಣ್ಣಾ, ಆ ಮೈಕಿನ ವಾಯರ ಇಲ್ಲೀತನ ಬರ್ತದೇನ?"

ಅಪ್ಪ ಅವಳನ್ನು ನೋಡಿದ. ಅವ್ವನನ್ನು ನೋಡಿದ. ಅವ್ವ ಒಲೆಗೆ ಕಟ್ಟಿಗೆ ಸರಿಸುತ್ತಾ, "ಬರ್ತದ ತಗೊಳ್ರಿ. ನಿಮ್ಮ ಪೇಪರ ಕೇಳಿ ಕೇಳಿ ಎಮ್ಮಿ ಹಾಲ ಕೊಡೂದು ಬಿಟ್ಟಾವ" ಎಂದಳು. ಕಾಳಿನ ಕೋಣೆಯ ಹೊಸ್ತಿಲು ದಾಟಿ, ನೀರಿನ ಹಂಡೆಯ ಪಕ್ಕದಿಂದ, ವಾಯರು ಒಲೆಯ ಮುಂದಿನವರೆಗೆ ಸರಿಯಾಗಿ ಬಂತು.

ಹೀಗೆ ನಮ್ಮ ಸ್ಟೇಷನ್ನು ಶುರುವಾಯಿತು. ಸಂಜೆ ರೊಟ್ಟಿಯ ಹೊತ್ತು. ಗೌರತ್ತಿಯ ಎರಡೂ ಕೈ ಹಿಟ್ಟಿನಲ್ಲಿ. ಆದ್ದರಿಂದ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿಯುವುದು ನನ್ನ ಕೆಲಸ. ಅವಳು ಕೊಣಮಿಗೆ ಎಂಬ ಮರದ ಹರಿವಾಣದಲ್ಲಿ ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು, ಟಪ ಟಪ ಎಂಬ ಬಡಿತವೇ ತಾಳ. ರೊಟ್ಟಿ ತೆಳುವಾದಂತೆ ಬಡಿತ ಚುರುಕಾಗುತ್ತಿತ್ತು, ಹಾಡೂ ಚುರುಕಾಗುತ್ತಿತ್ತು. ಹಂಚಿಗೆ ಹಾಕುವಾಗ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಮುಂದಿನ ಉಂಡೆ, ಮುಂದಿನ ಸಾಲು. ಹದಿನೆಂಟು ರೊಟ್ಟಿಗೆ ಸರಿಯಾಗಿ ಅರ್ಧ ತಾಸು ಆಗುತ್ತಿತ್ತು. ಮೊದಲು ಅಪ್ಪ ಬಂದು ಮೈಕಿನಲ್ಲಿ ಪಂಚಾಯಿತಿಯ ಸುದ್ದಿ ಹೇಳುತ್ತಿದ್ದ, ದನದ ಡಾಕ್ಟರು ಸೋಮವಾರ ಬರುತ್ತಾರೆ, ಬಾವಿಯ ಹತ್ತಿರ ಬಟ್ಟೆ ಒಗೆಯಬೇಡಿ ಎಂದು. ಒಂದು ದಿನ ಬಸಣ್ಣೆಪ್ಪನ ಎಮ್ಮೆ ಕಳೆದುಹೋಗಿದೆ ಎಂದು ಹೇಳಿ ಅಪ್ಪ ಎದ್ದುಹೋದ ಮೇಲೆ ಗೌರತ್ತಿ ಕೂತಲ್ಲೇ ಒಂದು ಪದ ಕಟ್ಟಿದಳು.

ಬಾಗಿದ ಕೋಡೀನ ಬಸಣ್ಣೆಪ್ಪನ ಎಮ್ಮಿ
ಹೋಗ್ಯಾಳ ಹಳ್ಳದಾಟಿ ತವರೀಗಿ, ಕಂಡವರು
ಬಾಗಿಲಾ ತೋರಿ ಕಳಿಸೀರಿ

ಕಟ್ಟೆಯ ಮೇಲಿನ ನಗೆ ಅಡಿಗೆಮನೆಯವರೆಗೆ ಬಂತು. ಮರುದಿನ ಎಮ್ಮೆ ಸಿಕ್ಕಿತು, ಅದನ್ನು ಕೊಂಡು ತಂದ ಪಕ್ಕದ ಹಳ್ಳಿಯಲ್ಲಿಯೇ. ಅಂದಿನಿಂದ ಕಟ್ಟೆ ಸಾಲದೆ ಜನ ರಸ್ತೆಯಲ್ಲಿ ಕಂಬಳಿ ಹಾಸಿ ಕೂರತೊಡಗಿದರು. ಹಾಡುವವರು ಯಾರೆಂದು ಅಪ್ಪ ಹೇಳಲಿಲ್ಲ, ಲೌಡ್‌ಸ್ಪೀಕರಿನಲ್ಲಿ ದನಿಯ ಗುರುತು ಸಿಗುತ್ತಿರಲಿಲ್ಲ, ಕಾರಕೂನರ ಹೆಂಡತಿ ಎಂದು ಊರು ತಾನೇ ತಿಳಿದುಕೊಂಡಿತು. ಅವ್ವನಿಗೆ ಎರಡು ಸಾಲು ಸುಸೂತ್ರವಾಗಿ ಹಾಡಲು ಬರುತ್ತಿರಲಿಲ್ಲ.

"ಬಾವಿಗೆ ಹೋದ್ರ ಎಲ್ಲಾರೂ ಒಂದ ಪದಾ ಹೇಳ್ರಿ ಅಂತಾರ" ಎಂದು ಅವ್ವ ಗೊಣಗುತ್ತಿದ್ದಳು. "ಗಂಟಲ ಬ್ಯಾನಿ ಅಂತ ಹೇಳಿ ಹೇಳಿ ಖರೇನ ಬ್ಯಾನಿ ಬಂದೈತಿ."

"ಹೆಸರ ನಿನಗ ಇರಲಿ ವೈನಿ, ರೊಟ್ಟಿ ನನಗ ಇರಲಿ" ಎನ್ನುತ್ತಿದ್ದಳು ಗೌರತ್ತಿ. ಆದರೆ ಆ ಮಾತು ಹೇಳುವಾಗ ಅವಳು ನಗುತ್ತಿರಲಿಲ್ಲ ಎಂಬುದು, ಅಷ್ಟು ಹತ್ತಿರ ಕೂತಿದ್ದ ನನಗೆ ಕಾಣುತ್ತಿತ್ತು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಮೂರು ಮನೆಯ ಆಚೆಯ ಶಾಂತವ್ವನ ಮಗಳಿಗೆ ಮದುವೆ ಗೊತ್ತಾಗಿತ್ತು. ಅರಿಷಿಣದ ದಿನ ಕಾರಕೂನರ ಹೆಂಡತಿ ಮೈಕಿನಲ್ಲಿ ಸೋಬಾನ ಹಾಡಲಿ, ತನ್ನ ಹಂದರಕ್ಕೆಲ್ಲ ಕೇಳಿಸುತ್ತದೆ ಎಂದು ಅವಳು ಅಪ್ಪನಿಗೆ ಹೇಳಿ ಕಳಿಸಿದ್ದಳು. ಇಷ್ಟು ದಿನ ಗೌರತ್ತಿ ಹಾಡಿದ್ದು ಬೀಸುವ ಪದ, ತವರಿನ ಪದ. ಸೋಬಾನವನ್ನು ಅವಳು ಮುಟ್ಟಿರಲಿಲ್ಲ. ಅಪ್ಪ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ನಿಜ ಹೇಳಿದರೆ ಇಷ್ಟು ದಿನದ ಹಾಡೂ ಮೈಲಿಗೆಯಾಗಿ ಗೌರತ್ತಿಯ ಬಾಯಿ ಮುಚ್ಚುತ್ತದೆ, ಹೇಳದಿದ್ದರೆ ಒಂದು ಹುಡುಗಿಯ ಮದುವೆಗೆ ಮೋಸ ಮಾಡಿದ ಹಾಗಾಗುತ್ತದೆ. ಎರಡು ದಿನ ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡದೆ ಉಂಡರು.

ಮೂರನೆಯ ಸಂಜೆ ಗೌರತ್ತಿ ತವರಿನ ಪದ ಹಾಡುತ್ತಿದ್ದಳು. ಶಾಂತವ್ವ ಅಕ್ಷತೆಯ ತಟ್ಟೆ ಹಿಡಿದು ಅವ್ವನನ್ನು ಕರೆಯಲೆಂದು ಹಿತ್ತಲ ಬಾಗಿಲಿನಿಂದ ನೇರವಾಗಿ ಒಳಗೆ ಬಂದಳು. ಅವ್ವ ಒಲೆಯ ಹತ್ತಿರ ಮಜ್ಜಿಗೆ ಕಡೆಯುತ್ತಿದ್ದಳು, ಬಾಯಿ ಮುಚ್ಚಿತ್ತು. ಹಾಡು ಬರುತ್ತಿದ್ದುದು ಇನ್ನೊಂದು ಬಾಯಿಯಿಂದ. ಶಾಂತವ್ವ ನಿಂತಲ್ಲೇ ನಿಂತಳು.

"ಅಯ್ಯ, ನೀನೇನ ಗೌರವ್ವಾ?"

ನನ್ನ ಕೈಯಲ್ಲಿ ಮೈಕಿತ್ತು. ಅವಳ ಮಾತು ಮಾಳಿಗೆಯ ಮೇಲಿನಿಂದ ಇಡೀ ಊರಿಗೆ ಹೋಯಿತು.

"ಹೌದವಾ, ನಾನ" ಎಂದಳು ಗೌರತ್ತಿ, ಕೈಯ ಹಿಟ್ಟು ನೋಡುತ್ತಾ. "ನಿನ್ನ ಮಗಳ ಸೋಬಾನ ನಾ ಹಾಡೂದಿಲ್ಲ. ಅಂಜಬ್ಯಾಡ."

ಅದೂ ಊರಿಗೆ ಹೋಯಿತು. ಆಗ ಹೊರಗಿನಿಂದ ಚೇರ್ಮನ್ನರ ದನಿ ಕೇಳಿಸಿತು. "ಕಾರಕೂನರ, ಇದ ಏನ್ರಿ ಮೋಸ? ಬಂದ ಮಾಡ್ರಿ ಅದನ್ನ!" ಗೌರತ್ತಿಯ ಕಣ್ಣಿಂದ ಒಂದು ಹನಿ ರೊಟ್ಟಿಯ ಮೇಲೆ ಬಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗಲೂ ಕೈ ಎತ್ತಿ ಸುಮ್ಮನಿರುತ್ತಿದ್ದ ನಾನು, ಹೇಗೋ ಏನೋ, ಮೈಕನ್ನು ನನ್ನ ಬಾಯಿಗೆ ಹಿಡಿದುಕೊಂಡೆ.

"ರೇಡಿಯೊಕ್ಕ ನೀರ ಹಾಕಿ ಕೆಡಿಸಿದಾಕಿ ನಾನು. ಅಪ್ಪ ಅಲ್ಲ. ಅತ್ತಿ ನನ್ನ ಸಲುವಾಗಿ ಹಾಡಿದ್ಲು. ಅಕಿಗೆ ಯಾರೂ ಬೈಬ್ಯಾಡ್ರಿ."

ನನ್ನ ದನಿ ಮಾಳಿಗೆಯ ಮೇಲಿನಿಂದ ತಿರುಗಿ ನನ್ನ ಕಿವಿಗೇ ಬಿದ್ದಿತು. ಅದು ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. ಅಪ್ಪ ಒಳಗೆ ಬಂದ. ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಮೈಕನ್ನು ಮೊದಲಿನಂತೆ ಗೌರತ್ತಿಯ ಕಡೆ ತಿರುಗಿಸಿದ. ಆಮೇಲೆ, ಎಂದೂ ಚೇರ್ಮನ್ನರಿಗೆ ಎದುರಾಡದ ನಮ್ಮಪ್ಪ, ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದ.

"ಇನ್ನ ಆರ ರೊಟ್ಟಿ ಅದಾವ್ರಿ. ರೊಟ್ಟಿ ಮುಗಿಯೂತನಕ ಬಂದ ಆಗೂದಿಲ್ಲ."

ಶಾಂತವ್ವ ಅಕ್ಷತೆ ಕೊಡದೆ ಹೋದಳು. ಗೌರತ್ತಿ ಉಳಿದ ಆರು ರೊಟ್ಟಿ ಬಡಿದಳು, ಹಾಡಿದಳು. ಕಟ್ಟೆಯಿಂದ ಕೆಲವರು ಎದ್ದುಹೋದ ಸಪ್ಪಳ ಕೇಳಿಸಿತು. ಎಲ್ಲರೂ ಹೋಗಲಿಲ್ಲ.

ಅರಿಷಿಣದ ದಿನ ಅವಳು ಎಂದಿನಂತೆ ಹೂರಣ ಅರೆಯಲೂ ಹೋಗಲಿಲ್ಲ, ಯಾರೂ ಕರೆದಿರಲಿಲ್ಲ. ಮಧ್ಯಾಹ್ನ ಹಿತ್ತಲ ಬಾಗಿಲು ಸದ್ದಾಯಿತು. ಶಾಂತವ್ವ, ಅವಳ ಹಿಂದೆ ಹಸಿರು ಬಳೆ ತೊಟ್ಟ ನಾಲ್ವರು ಹೆಂಗಸರು. ಅವಳ ಕೈಯಲ್ಲಿ ಅದೇ ತಟ್ಟೆ.

"ಹಂದರಕ್ಕ ನಿನ್ನ ಕರಿಯೂದು ನನ್ನ ಕೈಯಾಗ ಇಲ್ಲ ಗೌರವ್ವಾ. ಮನ್ಯಾಗ ಹಿರ್ಯಾರು ಒಪ್ಪವಲ್ರು" ಎಂದಳು. "ಆದ್ರ ಹಾಡ ಬರಬ್ಯಾಡ ಅಂತ ಯಾರೂ ಅಂದಿಲ್ಲ ನೋಡು. ನೀ ಇಲ್ಲಿಂದ ಹೇಳು. ನಾವು ಇಲ್ಲೇ ಕುಂತ ನಿನ್ನ ಹಿಂದ ಪದಾ ಎತ್ತಿಗೊಂತೇವಿ. ನನ್ನ ಮಗಳು ನಿನ್ನ ಹಾಡ ಬೇಕಂತ ಕೇಳ್ಯಾಳ."

ಗೌರತ್ತಿ ಮೊದಲು ಅವರಿಗೆ ಚಾಪೆ ಹಾಸಿದಳು. ಆಮೇಲೆ ಕೈ ತೊಳೆದು ಬಂದು ಕೂತಳು. ಆ ದಿನ ರೊಟ್ಟಿ ಇರಲಿಲ್ಲ. ಅವಳ ಕೈ ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ತಡಕಾಡುತ್ತಿತ್ತು, ಶಾಂತವ್ವ ಅದನ್ನು ಹಿಡಿದುಕೊಂಡಳು. ನಾನು ಮೈಕು ಹಿಡಿದೆ. ಮೂರು ಮನೆಯ ಆಚೆ ಹುಡುಗಿಗೆ ಅರಿಷಿಣ ಹಚ್ಚುವಾಗ ಹಾಡು ನಮ್ಮ ಮಾಳಿಗೆಯ ಮೇಲಿನಿಂದ ಹೋಗಿ ಹಂದರದಲ್ಲಿ ಇಳಿಯಿತು. ಹೋಗುವಾಗ ಶಾಂತವ್ವ ಅಕ್ಷತೆಯನ್ನು ಅವ್ವನ ಕೈಗೆ ಕೊಟ್ಟಳು, ಗೌರತ್ತಿಯ ಕೈಗೂ ಕೊಟ್ಟಳು.

ರಿಪೇರಿಯವನು ಕೊನೆಗೂ ಬಂದ. ರೇಡಿಯೊ ಬದುಕಿತು. ಅದೇ ವಾರ ಪಂಚಾಯಿತಿಯ ಸಭೆಯಲ್ಲಿ ಠರಾವು ಮಾಡಿ ಎರಡೂ ಪೆಟ್ಟಿಗೆ, ಮೈಕು, ಬಿದಿರು ಸಮೇತ ಲೌಡ್‌ಸ್ಪೀಕರು, ಎಲ್ಲವನ್ನೂ ಚೇರ್ಮನ್ನರ ಮನೆಗೆ ಸಾಗಿಸಿದರು. ನಮ್ಮ ಸ್ಟೇಷನ್ನು ಎರಡು ತಿಂಗಳೂ ತುಂಬಲಿಲ್ಲ. ಪೆಟ್ಟಿಗೆ ಹೋದ ಸಂಜೆ ಕಟ್ಟೆ ಖಾಲಿಯಾಗಿತ್ತು. ಅಪ್ಪ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದ. ಗೌರತ್ತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬರಿಗೈಯಲ್ಲಿ ಅವಳ ಪಕ್ಕ, ದಿನಾ ಕೂರುವ ಜಾಗದಲ್ಲಿಯೇ ಕೂತಿದ್ದೆ.

"ನೀಲಿ, ಅವತ್ತ ಶಾಂತವ್ವ ಬಂದ ಹೊತ್ತಿನ್ಯಾಗ ನೀ ಮೈಕ ಕೆಳಗ ಇಳಸಬಹುದಿತ್ತಲ್ಲ?" ಎಂದು ಕೇಳಿದಳು. "ಯಾಕ ಇಳಸಲಿಲ್ಲ?"

ನಾನು ಹೆದರಿದೆ. ಅಷ್ಟು ದಿನವೂ ಅದೇ ನನ್ನ ಎದೆಯಲ್ಲಿ ಕೊರೆಯುತ್ತಿತ್ತು.

"ನೀ ಇಳಸು ಅನ್ನಲಿಲ್ಲ ಅತ್ತಿ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿದಳು.

"ಇಳಸು ಅಂತ ನಾ ಅವತ್ತ ಅನ್ನಾಕೀನೂ ಇರಲಿಲ್ಲ ಬಿಡು" ಎಂದಳು.